ಫಳಫಳಕ್ಕ ತಿಕ್ಕಿದ ಕನ್ನಡಿ

ಹೋಟೆಲಿನಲ್ಲಿ ಎಲ್ಲರೂ ನನ್ನನ್ನು ಫಳಫಳಕ್ಕ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಮೂವತ್ತೊಂದು ವರ್ಷ ಒಂಬತ್ತು ಮಹಡಿಯ ಕೋಣೆಗಳನ್ನು ಗುಡಿಸಿ ಒರೆಸಿ, ಕೊನೆಯ ಹನ್ನೆರಡು ವರ್ಷ ಒರೆಸುವವರ ಮೇಲ್ವಿಚಾರಕಿಯಾಗಿ ಕೂತು ನಿವೃತ್ತಳಾದವಳು ನಾನು. ಕೂತು ಎಂದದ್ದು ಮಾತಿಗೆ. ನಾನು ಕೂತದ್ದನ್ನು ಯಾರೂ ನೋಡಿಲ್ಲ. ಒರೆಸಿ ಮುಗಿಸಿದ ಕನ್ನಡಿಯನ್ನು ಓರೆಯಾಗಿ ನಿಂತು ನೋಡುವುದು ನನ್ನ ಪದ್ಧತಿ. ನೇರ ನಿಂತರೆ ಬರೀ ನಮ್ಮ ಮುಖ ಕಾಣುತ್ತದೆ. ಓರೆಯಾಗಿ ನಿಂತರೆ ಒರೆಸಿದವರ ಸೋಮಾರಿತನ ಗೆರೆಗೆರೆಯಾಗಿ ಕಾಣುತ್ತದೆ. ಕಂಡರೆ ಬಟ್ಟೆ ಕಿತ್ತುಕೊಂಡು ನಾನೇ ತಿಕ್ಕುತ್ತಿದ್ದೆ, ಬೈಯುತ್ತಲೇ ತಿಕ್ಕುತ್ತಿದ್ದೆ.

ಅಷ್ಟು ತಿಕ್ಕಿದವಳು ಒಂದೇ ಒಂದು ಸಲ ತಿಕ್ಕಬಾರದ್ದನ್ನು ತಿಕ್ಕಿದೆ. ಅದರ ಕತೆ ಇದು.

ಕೆಲಸದ ಕೊನೆಯ ತಿಂಗಳು. ಒಂಬತ್ತನೇ ಮಹಡಿಯ ಮೂಲೆಯ ಕೋಣೆಯಿಂದ ಕಿಟಕಿಯ ಗಾಜಿನಲ್ಲಿ ಕಲೆಯಿದೆ ಎಂದು ಫೋನು ಬಂತು. ನನ್ನ ಹೋಟೆಲಿನಲ್ಲಿ ಕಲೆ! ನಾನೇ ಬಟ್ಟೆ ಹಿಡಿದು ಹೋದೆ. ಕಿಟಕಿಯ ಎದುರು ಮೂರು ಕಾಲಿನ ಮೇಲೆ ಒಂದು ಬಿಳಿ ಕೊಳವೆ ನಿಂತಿತ್ತು. ಪಕ್ಕದಲ್ಲಿ ನರೆಗೂದಲಿನ ಒಬ್ಬ ಹೆಂಗಸು. ನಾನು ಗಾಜು ಒರೆಸಿದೆ. ಅವರು ಕೊಳವೆಗೆ ಕಣ್ಣಿಟ್ಟು ಏನೋ ತಿರುಗಿಸಿ ಪಕ್ಕಕ್ಕೆ ಸರಿದು, “ಬನ್ನಿ, ನೀವೂ ನೋಡಿ” ಎಂದರು.

ಸಂಜೆ ಐದರ ಬೆಳಕಿನಲ್ಲಿ ಅರ್ಧ ಚಂದ್ರ. ಬರಿಗಣ್ಣಿಗೆ ಹತ್ತಿಯ ತುಣುಕಿನಂತಿದ್ದದ್ದು ಕೊಳವೆಯೊಳಗೆ ಗುಳಿ, ದಿಣ್ಣೆ, ನೆರಳುಗಳಾಗಿ ನಿಂತಿತ್ತು. ನನಗೆ ಮೊದಲು ಅನ್ನಿಸಿದ್ದು, ಅಯ್ಯೋ, ಇದನ್ನು ಯಾರೂ ಒರೆಸೇ ಇಲ್ಲವಲ್ಲ ಎಂದು. ಆಮೇಲೆ ಅನ್ನಿಸಿದ್ದನ್ನು ಹೇಳಲು ನನಗೆ ಬರುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಅದನ್ನು ಒರೆಸಿ ಇದನ್ನು ಒರೆಸಿ ಎಂದವರು ಸಾವಿರ ಮಂದಿ ಇದ್ದಾರೆ. ನೀವೂ ನೋಡಿ ಎಂದವರು ಅವರೊಬ್ಬರೇ. ಮರುದಿನ ಬೆಳಿಗ್ಗೆಯೇ ಅವರು ಕೋಣೆ ಖಾಲಿ ಮಾಡಿಕೊಂಡು ಹೊರಟುಹೋಗಿದ್ದರು. ಒಂದು ಥ್ಯಾಂಕ್ಸ್ ಕೂಡ ನನ್ನ ಬಾಯಿಂದ ಬಂದಿರಲಿಲ್ಲ.

ನಿವೃತ್ತಿಯ ದಿನ ಹೋಟೆಲಿನವರು ಒಂದು ಲಕೋಟೆ ಕೊಟ್ಟು, ನಿಮಗೆ ಇಷ್ಟ ಬಂದದ್ದು ಕೊಂಡುಕೊಳ್ಳಿ ಎಂದರು. ನಾನು ಮನೆಗೆ ಬಂದು ಟೆಲಿಸ್ಕೋಪ್ ಕೊಳ್ಳುತ್ತೇನೆ ಎಂದೆ. ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು, ಯಾವ ಮಾತನ್ನೂ ಸುಮ್ಮನೆ ಇಳಿಯಲು ಬಿಡುವವರಲ್ಲ.

“ಭೂಮಿ ಮೇಲಿನ ಧೂಳೆಲ್ಲ ಮುಗೀತು ಅಂತ ಕಾಣತ್ತೆ, ಈಗ ಚಂದ್ರನ ಧೂಳಿಗೆ ಕಣ್ಣು ಹಾಕಿದಾಳೆ ನಮ್ಮ ಮಹರಾಯ್ತಿ” ಎಂದರು.

“ನಿಮ್ಮ ಕನ್ನಡಕ ಒರೆಸೋದು ಮುಗಿದ್ಮೇಲೇ ರೀ ಅಲ್ಲಿಗೆ ಹೋಗೋದು” ಎಂದು ಅವರ ಮೂಗಿನ ಮೇಲಿದ್ದದ್ದನ್ನು ಕಿತ್ತುಕೊಂಡೆ.

ಕ್ಯಾಮೆರಾ ಮಾರುವ ಅಂಗಡಿಯೊಂದರ ಗಾಜಿನ ಹಿಂದೆ ಒಂದು ಡಬ್ಬಿಯಿತ್ತು. ಅದರ ಮೇಲೆ ಬಣ್ಣಬಣ್ಣದ ಶನಿಗ್ರಹ. ಕೆಳಗೆ ದಪ್ಪಕ್ಷರದಲ್ಲಿ ‘ಆರುನೂರು ಪಟ್ಟು ದೊಡ್ಡದು’. ನಾನು ಎರಡು ಸಲ ಹೋಗಿ ನೋಡಿಕೊಂಡು ಬಂದೆ. ಅಂಗಡಿಯವನು ಕೊಟ್ಟ ಬಣ್ಣದ ಕಾಗದ ಹಿಡಿದು ನಮ್ಮ ಕಟ್ಟಡದ ಮೆಟ್ಟಿಲ ಬುಡಕ್ಕೆ ಬಂದಾಗ ಲೇತ್ ಮಾವ ಎದುರಾದರು.

ಲೇತ್ ಮಾವ ಎಂದರೆ ನೆಲಮಹಡಿಯ ಮನೆಯವರು. ಎಪ್ಪತ್ತಾರು ವರ್ಷ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ನಾವು ಈ ಕಟ್ಟಡಕ್ಕೆ ಬಂದು ಆರು. ಹಾಗಾಗಿ ಆಕೆಯ ಮುಖವನ್ನು ನಾನು ನೋಡಿಲ್ಲ. ಮಾವನ ಸೊಂಟದಲ್ಲಿ ಯಾವಾಗಲೂ ಬೀಗದ ಕೈಗಳ ಗೊಂಚಲು. ಯಾರೂ ಓಡಿಸದ ಸೈಕಲ್ಲಿಗೆ ಎರಡು ಬೀಗ, ಹಳೆ ಉಪಕರಣಗಳ ಪೆಟ್ಟಿಗೆಗೆ ಒಂದು, ತಾರಸಿಯ ಬಾಗಿಲಿಗೆ ಒಂದು. ಸೋಪಿನ ಡಬ್ಬಿಗೂ ಬೀಗ ಹಾಕುವ ಆಸಾಮಿ ಎಂದು ನಮ್ಮ ಯಜಮಾನರು ಹೇಳುವುದಿತ್ತು.

ಮಾವ ಕಾಗದವನ್ನು ದೂರ ಹಿಡಿದು ಓದಿದರು. “ಈ ಆರುನೂರು ನೋಡಿ ಮರುಳಾಗ್ಬೇಡಮ್ಮ” ಎಂದರು.

ಕೇಳದೆ ಮೂಗು ತೂರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. “ಯಾಕೆ ಮಾವ, ದೊಡ್ಡದಾಗಿ ಕಂಡ್ರೆ ನಿಮಗೇನು ಕಷ್ಟ?”

“ನಿಮ್ಮ ಹೋಟ್ಲಲ್ಲಿ ಮುಖ ಒರೆಸೋ ಸಣ್ಣ ಟವೆಲ್ ಕೊಟ್ಟು, ಎಳೆದು ಎಳೆದು ಮೈಗೆಲ್ಲ ಸುತ್ಕೋ ಅಂದ್ರೆ ಆಗತ್ತಾ? ಎಳೆದಷ್ಟೂ ಹರಿಯತ್ತೆ. ಬೆಳಕೂ ಹಾಗೇ. ಕೊಳವೆ ಬಾಯಿ ಎಷ್ಟು ಅಗಲ ಇದೆಯೋ ಅಷ್ಟೇ ಬೆಳಕು ಒಳಗೆ ಬರೋದು. ಇದರ ಬಾಯಿ ನನ್ನ ಎರಡು ಬೆರಳಗಲ ಇಲ್ಲ. ಆರುನೂರು ಪಟ್ಟು ಎಳೆದ್ರೆ ಕಾಣೋದು ಬರೀ ಮಸುಕು.”

ಟವೆಲ್ಲಿನ ಲೆಕ್ಕ ನನಗೆ ತಟಕ್ಕನೆ ಹತ್ತಿತು. ಆದರೂ ಸೋಲೊಪ್ಪಲು ಮನಸ್ಸಾಗದೆ, ಅಷ್ಟು ಗೊತ್ತಿದ್ದರೆ ಅಂಗಡಿಗೆ ಬಂದು ತೋರಿಸಿ ಎಂದೆ. ಮರುದಿನ ನಿಜಕ್ಕೂ ಬಂದರು. ಅಂಗಡಿಯವನು ಆ ಟೆಲಿಸ್ಕೋಪನ್ನು ಬಾಗಿಲ ಬಳಿ ನಿಲ್ಲಿಸಿ ದೂರದ ನೀರಿನ ಟ್ಯಾಂಕಿಗೆ ತಿರುಗಿಸಿದ. ಮಾವ ನನ್ನನ್ನು ಕಣ್ಣಿಡಲು ಹೇಳಿ, ಅದರ ಕಾಲಿಗೆ ಬೆರಳಿನಿಂದ ಟಣ್ ಎಂದು ಒಂದು ಹೊಡೆದರು. ಒಳಗೆ ನೀರಿನ ಟ್ಯಾಂಕು ಕುಡಿದವನಂತೆ ಓಲಾಡತೊಡಗಿತು.

“ಎಣಿಸಮ್ಮ. ನಿಲ್ಲೋವರೆಗೂ ಎಣಿಸು.”

ನಾನು ಒಂಬತ್ತರವರೆಗೆ ಎಣಿಸಿದೆ.

“ಮೂರರೊಳಗೆ ನಿಲ್ಬೇಕು” ಎಂದರು ಮಾವ. “ಒಳ್ಳೆ ಗಾಜನ್ನ ಕೆಟ್ಟ ಕಾಲಿನ ಮೇಲೆ ನಿಲ್ಲಿಸಿದ್ರೆ ಕೆಟ್ಟ ಗಾಜಿಗಿಂತ ಕಡೆ. ಮೊದ್ಲು ಬಾಯಿ ನೋಡು, ಆಮೇಲೆ ಕಾಲು ನೋಡು. ಡಬ್ಬಿ ಮೇಲಿನ ಚಿತ್ರ ಮಾತ್ರ ನೋಡ್ಬೇಡ.”

“ತಾತ, ನೀವು ಕೊಳ್ಳೋಕೆ ಬಂದಿದೀರಾ, ನನ್ನ ಅಂಗಡಿ ಮುಚ್ಚಿಸೋಕೆ ಬಂದಿದೀರಾ?” ಎಂದ ಅಂಗಡಿಯವನು. ಪಾಪ, ನಗುತ್ತಲೇ ಅಂದ.

ಬರಿಗೈಯಲ್ಲಿ ವಾಪಸು ಬರುವಾಗ ನನ್ನ ಮುಖ ಸಣ್ಣದಾಗಿತ್ತು. ಹಾಗಾದರೆ ಯಾವುದನ್ನು ಕೊಳ್ಳಲಿ ಎಂದು ಕೇಳಿದೆ. ಮಾವ ಕಟ್ಟಡದ ಬಾಗಿಲವರೆಗೂ ಬೀಗದ ಕೈಗಳನ್ನು ಒಂದೊಂದಾಗಿ ಬೆರಳಲ್ಲಿ ಸರಿಸುತ್ತಿದ್ದರು.

“ಕೊಳ್ಳೋ ಮೊದ್ಲು ಒಂದು ತಿಂಗಳು ನೋಡು” ಎಂದರು ಕೊನೆಗೆ. “ನೋಡಿದ್ಮೇಲೆ ನಿಂಗೇ ಗೊತ್ತಾಗತ್ತೆ ಏನು ಬೇಕು ಅಂತ. ನನ್ನ ಹತ್ರ ಒಂದಿದೆ. ನಾನೂ ನನ್ನ ಹೆಂಡ್ತಿಯೂ ಮಾಡಿದ್ದು. ಅವಳು ಹೋದ್ಮೇಲೆ ತೆಗೆದಿಲ್ಲ.”

ಮಂಚದ ಹಿಂದಿನ ಬೀರುವಿನ ಬೀಗ ತೆಗೆಯಲು ಐದು ನಿಮಿಷ ಬೇಕಾಯಿತು, ತುಕ್ಕು ಹಿಡಿದಿತ್ತು. ಒಳಗೆ ಒಂದು ಉದ್ದನೆಯ ಕೊಳವೆ. ನಾನು ತಬ್ಬಿ ಹಿಡಿದರೆ ನನ್ನ ಗಲ್ಲದವರೆಗೆ ಬರುವಷ್ಟು. ಹಸಿರು ಬಣ್ಣ. ಅದಕ್ಕೆ ಮೂರು ಕಾಲಿರಲಿಲ್ಲ, ಗಟ್ಟಿ ಮರದ ಒಂದು ತೊಟ್ಟಿಲಿತ್ತು. ಇದರಲ್ಲಿ ನೋಡುವುದು ಗಾಜಿನ ಮೂಲಕವಲ್ಲ, ಕನ್ನಡಿಯಲ್ಲಿ ಎಂದು ಮಾವ ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಕೊಳವೆಯ ತಳದಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ ಒಂದು ದುಂಡನೆಯ ಕನ್ನಡಿ. ಮಧ್ಯದಲ್ಲಿ ಕೂದಲೆಳೆಯಷ್ಟು ತಗ್ಗು. ಆ ತಗ್ಗಿನಲ್ಲೇ ಎಲ್ಲ ಇರುವುದಂತೆ.

“ದಪ್ಪ ಗಾಜಿನ ಎರಡು ಬಿಲ್ಲೆ ತಂದು, ಒಂದರ ಮೇಲೊಂದು ಇಟ್ಟು, ನಡುವೆ ಪುಡಿ ಹಾಕಿ ಕೈಯಲ್ಲೇ ತಿಕ್ಕಿದ್ವಿ. ಡ್ರಮ್ಮಿನ ಮೇಲಿಟ್ಟು, ಅದರ ಸುತ್ತ ನಡೀತಾ ತಿಕ್ಬೇಕು. ಹನ್ನೊಂದು ತಿಂಗಳು. ನಾನು ಪಾಳಿಗೆ ಹೋದಾಗ ಅವಳು, ಅವಳು ಅಡುಗೆಗೆ ಹೋದಾಗ ನಾನು. ಮಾಡಿ ಹದಿನೇಳು ವರ್ಷ ಆಯ್ತು.”

ನಾನು ತಿಕ್ಕುವುದರ ವಿಷಯ ಕೇಳಿ ಅವರ ಹೆಂಡತಿಯನ್ನು ಆ ಕ್ಷಣವೇ ಮೆಚ್ಚಿಬಿಟ್ಟೆ. ಮಾವನಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾರರು. ತಾರಸಿಯ ಬೀಗದ ಕೈ ನನಗೆ ಕೊಟ್ಟರು. “ಕಣ್ಣಿಡೋ ಗಾಜಿಗೆ ಬೆರಳು ತಾಗಿಸ್ಬೇಡ. ಜೋಪಾನ. ಇದೊಂದೇ ಉಳಿದಿರೋದು ನಂಗೆ, ಅವಳ ಕೈಯದ್ದು” ಎಂದರು. ಅಷ್ಟೇ ಹೇಳಿದರು. ಕನ್ನಡಿಯ ವಿಷಯ ಏನೂ ಹೇಳಲಿಲ್ಲ. ಅದನ್ನು ಮುಟ್ಟುವವರೂ ಇರುತ್ತಾರೆಂದು ಅವರಿಗೆ ಹೊಳೆದೂ ಇರಲಿಲ್ಲ.

ಆ ತಿಂಗಳಿನ ಸಂಜೆಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕತ್ತಲಾಗುತ್ತಲೇ ಯಜಮಾನರೂ ನಾನೂ ಕೊಳವೆಯನ್ನು ತಾರಸಿಗೆ ಹೊರುತ್ತಿದ್ದೆವು. ಮೊದಲ ವಾರ ಬರೀ ಚಂದ್ರ. ಎರಡನೇ ವಾರ ಗುರುವಿನ ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕಿ. ಮರುದಿನ ನೋಡಿದರೆ ಅವು ಜಾಗ ಬದಲಿಸಿದ್ದವು. ಅವು ಗುರುವಿನ ಚಂದ್ರಗಳು, ಸುತ್ತುತ್ತಾ ಇರುತ್ತವೆ ಎಂದು ಕೆಳಗಿಳಿದು ಕೇಳಿದಾಗ ಮಾವ ವಿವರಿಸಿದರು. ಮೂರನೇ ವಾರ ಶನಿ ಸಿಕ್ಕಿತು. ಸಣ್ಣದು, ಗುಂಡುಪಿನ್ನಿನ ತಲೆಯಷ್ಟು. ಆದರೆ ಅದರ ಸುತ್ತ ಬಳೆ! ಸ್ಪಷ್ಟ, ಅಚ್ಚುಕಟ್ಟು, ಎಲ್ಲೂ ತಾಗದೆ ನಿಂತ ಬಳೆ.

ಯಜಮಾನರು ಕಣ್ಣಿಟ್ಟವರು ತುಂಬ ಹೊತ್ತು ಏಳಲಿಲ್ಲ. ಎದ್ದು ಕೊಳವೆಯ ಬಾಯಿಗೆ ಇಣುಕಿ ನೋಡಿದರು.

“ಏ, ಒಳಗಡೆ ಯಾರೋ ಚಿತ್ರ ಅಂಟಿಸಿದ್ದಾರೆ ಕಣೇ.”

“ಚಿತ್ರ ಜಾರ್ತಾ ಇದೆಯಲ್ಲ, ನೋಡಿ. ಭೂಮಿ ತಿರುಗ್ತಿರೋದಕ್ಕೆ ಹಾಗಂತೆ.”

“ಹಾಗಾದ್ರೆ ನಾನು ಮೂವತ್ತು ವರ್ಷ ಬಸ್ಸಲ್ಲಿ ನಿಂತಿದ್ದು ಸಾಲದೂಂತ, ಈಗ್ಲೂ ಟಿಕೆಟ್ ಇಲ್ದೆ ಹೋಗ್ತಾನೇ ಇದೀನಿ ಅನ್ನು” ಎಂದರು. ಆದರೆ ದನಿಯಲ್ಲಿ ತಮಾಷೆ ಇರಲಿಲ್ಲ. ನನ್ನ ಕೈ ಹಿಡಿದುಕೊಂಡರು. ಅವರು ನನ್ನ ಕೈ ಹಿಡಿದು ಎಷ್ಟು ಕಾಲವಾಗಿತ್ತೋ, ನಾನು ಎಣಿಸಲು ಹೋಗಲಿಲ್ಲ.

ತಿಂಗಳು ಮುಗಿಯಿತು. ಮರುದಿನ ವಾಪಸು ಕೊಡಬೇಕು. ಆ ಮಧ್ಯಾಹ್ನ ಕೊಳವೆಯನ್ನು ಹೊರಗಿನಿಂದ ಒರೆಸಿ, ತಳದವರೆಗೆ ಟಾರ್ಚ್ ಬಿಟ್ಟು ನೋಡಿದೆ. ಕನ್ನಡಿಯ ಮೇಲೆ ಒಂಬತ್ತು ವರ್ಷದ ಧೂಳು. ಅಂಚಿನಲ್ಲಿ ಬೂದುಬಣ್ಣದ ಮಚ್ಚೆಗಳು. ನಾನು ಯಾರ ಮನೆಯ ಪಾತ್ರೆಯನ್ನೂ ತೊಳೆಯದೆ ವಾಪಸು ಕೊಟ್ಟವಳಲ್ಲ. ಇಷ್ಟು ಕೊಟ್ಟ ಮನುಷ್ಯನಿಗೆ, ಹೆಂಡತಿ ಕೈಯಾರೆ ಮಾಡಿದ ಕನ್ನಡಿಯನ್ನು ಹೀಗೆ ಕೊಳಕಾಗಿ ಕೊಡುವುದೇ? ನಾನು, ಫಳಫಳಕ್ಕ?

ತಳದಲ್ಲಿ ಮೂರು ತಿರುಪು. ಬಿಚ್ಚಿದರೆ ಕನ್ನಡಿ ಒಂದು ಮರದ ಹಲಗೆಯ ಸಮೇತ ಕೈಗೆ ಬಂತು. ಅದನ್ನು ಹಲಗೆಗೆ ಮೂರು ಕಡೆ ಅರಗಿನಿಂದ ಅಂಟಿಸಿದ್ದರು. ಮೇಜಿನ ಮೇಲೆ ಟವೆಲ್ ಹಾಸಿ ಇಟ್ಟೆ. ಹೋಟೆಲಿನಲ್ಲಿ ನಾನು ಕಲಸುತ್ತಿದ್ದ ಬಿಳಿ ಲೇಪ ನನ್ನದೇ ಗುಟ್ಟು: ನುಣುಪಾದ ಪುಡಿ, ಸೋಪಿನ ನೀರು, ಮತ್ತೆ ಒಂದು ಚಿಟಿಕೆ ಕ್ಷಾರ. ಎಂಥ ಕಲೆಯೂ ಹೋಗಬೇಕು, ಗಾಜಿಗೆ ಒಂದು ಗೀರೂ ಬೀಳಬಾರದು. ಅದನ್ನು ಕಲಸಿ, ಮೆತ್ತನೆಯ ಬಟ್ಟೆಯಲ್ಲಿ ಅದ್ದಿ, ಸುತ್ತುಸುತ್ತಾಗಿ ತಿಕ್ಕತೊಡಗಿದೆ.

ಬಟ್ಟೆ ಕಪ್ಪಾಯಿತು. ಎಷ್ಟು ಕೊಳೆ ಎಂದುಕೊಂಡು ಖುಷಿಯಿಂದ ಇನ್ನೂ ತಿಕ್ಕಿದೆ. ಹಾಡು ಬೇರೆ ಗುನುಗುತ್ತಿದ್ದೆ. ನೀರು ಸುರಿದು ತೊಳೆದು, ಒಣ ಬಟ್ಟೆಯಲ್ಲಿ ಒತ್ತಿ, ಪದ್ಧತಿಯಂತೆ ಓರೆಯಾಗಿ ನಿಂತು ನೋಡಿದೆ. ಒಂದು ಗೆರೆಯೂ ಇರಲಿಲ್ಲ. ನೇರ ನಿಂತು ನೋಡಿದೆ. ನನ್ನ ಮುಖವೂ ಇರಲಿಲ್ಲ.

ಕನ್ನಡಿಯ ಜಾಗದಲ್ಲಿ ಬರೀ ಗಾಜಿತ್ತು. ಅದರ ಆಳದಲ್ಲಿ ಕಪ್ಪಗೆ ಏನೋ ಗೀಚುಗೀಚು ಕಂಡಿತು. ಒಳಗೆ ಬಿರುಕೂ ಬಿಟ್ಟಿದೆ ಎಂದುಕೊಂಡೆ. ಟವೆಲ್ ಎಳೆದು ಮುಚ್ಚಿಬಿಟ್ಟೆ.

ನನ್ನ ಮೂವತ್ತೊಂದು ವರ್ಷದ ಕನ್ನಡಿಗಳಲ್ಲಿ ಹೊಳಪು ಗಾಜಿನ ಬೆನ್ನಿಗಿರುತ್ತದೆ. ಎದುರಿನಿಂದ ಎಷ್ಟು ತಿಕ್ಕಿದರೂ ಅದಕ್ಕೆ ಏನೂ ಆಗುವುದಿಲ್ಲ. ಈ ಕನ್ನಡಿಯಲ್ಲಿ ಹೊಳಪು ಎದುರಿಗೇ, ಗಾಜಿನ ಮುಖದ ಮೇಲೆಯೇ, ಹಾಲಿನ ಕೆನೆಗಿಂತ ತೆಳ್ಳಗೆ ಕೂತಿತ್ತಂತೆ. ಬಟ್ಟೆಗೆ ಹತ್ತಿದ್ದು ಕೊಳೆಯಲ್ಲ, ಕನ್ನಡಿ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಾದದ್ದು ಇಷ್ಟೇ: ಒಬ್ಬ ಮುದುಕನಿಗೆ ಹೆಂಡತಿಯ ಕೈಯದ್ದು ಎಂದು ಉಳಿದಿದ್ದ ಒಂದೇ ಒಂದನ್ನು ನಾನು ಒರೆಸಿ ಹಾಕಿದ್ದೆ.

ಯಜಮಾನರು ಬಂದು ನೋಡಿ ಕುರ್ಚಿಯಲ್ಲಿ ಕುಸಿದರು. ಮೆಲ್ಲಗೆ, “ಹಾಗೇ ಜೋಡಿಸಿ ಕೊಟ್ಬಿಡೋಣ. ಒಂಬತ್ತು ವರ್ಷ ಮುಟ್ಟದೇ ಇದ್ದೋರು ಇನ್ನು ಮುಟ್ತಾರಾ? ಗೊತ್ತಾದ್ರೆ ಆ ಜೀವ ತಡ್ಕೊಳಲ್ಲ” ಎಂದರು.

“ಮುಚ್ಚಿ ಬಾಯಿ” ಎಂದೆ. ಅವರು ಹೇಳಿದ್ದು ಕರುಣೆಯಿಂದಲೇ. ಆದರೆ ಓರೆಯಾಗಿ ನಿಂತು ಇತರರ ತಪ್ಪು ಹುಡುಕಿ ಉಗಿದವಳು, ನನ್ನ ತಪ್ಪನ್ನು ಕೊಳವೆಯೊಳಗಿಟ್ಟು ಬೀಗ ಹಾಕಿಸಲೇ? ಆ ರಾತ್ರಿ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಹಲಗೆಯ ಸಮೇತ ಟವೆಲ್ಲಿನಲ್ಲಿ ಸುತ್ತಿದ ಗಾಜನ್ನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದೆ. ಮಾವ ಅಡುಗೆಮನೆಯ ಮೇಜಿನ ಮುಂದೆ ಚಹಾ ಕುಡಿಯುತ್ತಿದ್ದರು. ನನ್ನ ಮುಖ ನೋಡಿಯೇ ಲೋಟ ಕೆಳಗಿಟ್ಟರು.

“ಮಾವ, ಕನ್ನಡಿ ತಿಕ್ಬಿಟ್ಟೆ” ಎಂದೆ. ಮುಂದಿನ ಮಾತೆಲ್ಲ ಅಳುವಿನಲ್ಲಿ ಹೋಯಿತು. ಹೊಳಪು ಹೋಯ್ತು, ಒಳಗೆ ಬಿರುಕೂ ಬಿಟ್ಟಿದೆ, ಬೈಯಿರಿ, ಹೊಡೀರಿ, ನನ್ನ ಲಕೋಟೆಯಲ್ಲಿರುವುದನ್ನೆಲ್ಲ ತಗೊಳ್ಳಿ. ಹೀಗೆ ಏನೇನೋ ಬಡಬಡಿಸಿದೆ.

ಮಾವ ಟವೆಲ್ ಬಿಡಿಸಿದರು. ಆಮೇಲೆ ಉಗುರಿನಿಂದ ಗಾಜಿನ ಮೇಲೆ ಅಂಚಿನಿಂದ ಅಂಚಿಗೆ ಗೆರೆ ಎಳೆದರು. ಬೆಳಕಿಗೆ ಹಿಡಿದು ತಿರುಗಿಸಿದರು. ಕಾರ್ಖಾನೆಯಲ್ಲಿ ಕಡೆದ ತುಂಡನ್ನು ಪರೀಕ್ಷಿಸುವಾಗ ಹೀಗೇ ಹಿಡಿಯುತ್ತಿದ್ದರೇನೋ.

“ಏನು ಹಾಕಿ ತಿಕ್ಕಿದೆ?”

ಹೇಳಿದೆ. ಗುಟ್ಟಿನ ಚಿಟಿಕೆಯನ್ನೂ ಹೇಳಿದೆ.

“ಒಂದು ಗೀರಿಲ್ಲ” ಎಂದರು. ದನಿಯಲ್ಲಿ ಕೋಪ ಇತ್ತೋ ಆಶ್ಚರ್ಯ ಇತ್ತೋ ತಿಳಿಯಲಿಲ್ಲ. “ಹೊಳಪು ಹೋದ್ರೆ ಹೋಗತ್ತೆ, ಮತ್ತೆ ಕೂರಿಸ್ಬಹುದು. ಹತ್ತು ವರ್ಷಕ್ಕೊಂದ್ಸಲ ಕೂರಿಸ್ಲೇಬೇಕು. ಹನ್ನೊಂದು ತಿಂಗಳು ತಿಕ್ಕಿದ್ದು ಹೊಳಪನ್ನಲ್ಲ, ತಗ್ಗನ್ನ. ಅದು ಹಾಗೇ ಇದೆ.” ಒಂದು ಉಸಿರು ಬಿಟ್ಟು, “ಬಿರುಕು ಅಂದ್ಯಲ್ಲ, ಎಲ್ಲಿ?” ಎಂದರು.

ತೋರಿಸಿದೆ. ಅವರು ಬಗ್ಗಿದರು. ಕನ್ನಡಕ ಹಾಕಿಕೊಂಡು ಮತ್ತೆ ಬಗ್ಗಿದರು.

ಅದು ಬಿರುಕಲ್ಲ, ಅಕ್ಷರ. ಗಾಜಿನ ಬೆನ್ನು ತರಿತರಿಯಾಗಿತ್ತು, ಪೆನ್ಸಿಲ್ ಚೆನ್ನಾಗಿ ಹಿಡಿಯುವಂತೆ. ಯಾರೋ ಅಲ್ಲಿ ಬರೆದು, ಬರೆದದ್ದನ್ನು ಹಲಗೆಗೆ ಅಂಟಿಸಿದ್ದರು. ಎದುರಿನ ಹೊಳಪು ಹೋದದ್ದರಿಂದ ಅದು ಗಾಜಿನೊಳಗಿಂದ ತಿರುಗುಮುರುಗಾಗಿ ಕಾಣುತ್ತಿತ್ತು.

“ಅಂಟಿಸಿದ್ದು ಅವಳೇ” ಎಂದರು ಮಾವ, ಪಿಸುಮಾತಿನಲ್ಲಿ. “ನಾನು ಹೊರಗೆ ಕೊಳವೆಗೆ ಬಣ್ಣ ಹೊಡೀತಿದ್ದೆ.”

ನಾನು ಬಚ್ಚಲಿಗೆ ಓಡಿ ಅವರು ಗಡ್ಡ ಹೆರೆಯುವ ಕನ್ನಡಿ ತಂದೆ. ಅದರಲ್ಲಿ ಸೋಪಿನ ಕಲೆ ಇತ್ತು. ಸೆರಗಿನಿಂದ ಒಂದು ಸಲ ಒರೆಸಿ ಗಾಜಿನ ಎದುರು ಹಿಡಿದೆ. ಅಕ್ಷರಗಳು ನೇರವಾದವು. ದುಂಡಗಿನ, ಅವಸರದ ಅಕ್ಷರ:

‘ಇದನ್ನು ತಿಕ್ಕಿದ್ದರಲ್ಲಿ ಅರ್ಧ ಕೈ ನನ್ನದು. ನಿಮ್ಮ ಅರ್ಧಕ್ಕೆ ಬೇಕಾದರೆ ಬೀಗ ಹಾಕಿಕೊಳ್ಳಿ. ನನ್ನ ಅರ್ಧವನ್ನು ಕೇಳಿದವರಿಗೆಲ್ಲ ತೋರಿಸಿ.’

ಮಾವ ಮೂರು ಸಲ ಓದಿದರು. ಮೂರನೇ ಸಲ ನಕ್ಕರು. ನಗುತ್ತಾ ಇದ್ದಂತೆಯೇ ಅತ್ತರು. ನಾನು ಕನ್ನಡಿ ಹಿಡಿದ ಕೈ ಇಳಿಸಲಿಲ್ಲ, ತೋಳು ಸೋತರೂ ಇಳಿಸಲಿಲ್ಲ.

“ಎಂಥ ಕಿಲಾಡಿ ನೋಡು” ಎಂದರು. “ಹತ್ತು ವರ್ಷಕ್ಕೆ ಹೊಳಪು ಕೂರಿಸೋಕೆ ಬಿಚ್ತಾರೆ, ಆಗ ಓದ್ತಾರೆ ಅಂತ ಲೆಕ್ಕ ಹಾಕಿದ್ಲು. ಎಂಟನೇ ವರ್ಷಕ್ಕೆ ತಾನು ಹೋದ್ಲು. ನಾನು ಬಿಚ್ಚೋದಿರ್ಲಿ, ಬೀರು ಬಾಗಿಲೂ ತೆಗೀಲಿಲ್ಲ. ನೀನು ತಿಕ್ದೇ ಇದ್ದಿದ್ರೆ ಈ ಮಾತು ನಂಗೆ ಮುಟ್ತಾನೇ ಇರ್ಲಿಲ್ಲಮ್ಮ. ಹಾಗೇ ಸಾಯ್ತಿದ್ದೆ.”

ಎರಡೂ ಕೈಯಿಂದ ನನ್ನ ಬಲಗೈ ಹಿಡಿದುಕೊಂಡರು. ಸೋಪು, ಅಮೋನಿಯಾ, ಬಿಸಿನೀರಲ್ಲಿ ಮೂವತ್ತೊಂದು ವರ್ಷ ನೆಂದು ತೊಗಲು ಸುಲಿದ ಕೈ ಅದು. ನನಗೇ ತೋರಿಸಲು ನಾಚಿಕೆಯಾಗುವ ಕೈ. ಆ ಕೈಗೆ ಅವರು ಥ್ಯಾಂಕ್ಸ್ ಎಂದರು. ಬೈಸಿಕೊಳ್ಳಲು ಸಿದ್ಧವಾಗಿ ಬಂದವಳಿಗೆ ಇದನ್ನು ಹೇಗೆ ಹೊರಬೇಕೆಂದೇ ತಿಳಿಯಲಿಲ್ಲ. ನಾನು ಅವರ ಚಹಾದ ಲೋಟ ತೆಗೆದುಕೊಂಡು ತೊಳೆಯತೊಡಗಿದೆ.

ಅರಗು ಬಿಸಿ ಮಾಡಿ ಗಾಜನ್ನು ಹಲಗೆಯಿಂದ ಬಿಡಿಸಿದೆವು. ನಾಲ್ಕು ದಿನ ಅದು ಮಾವನ ಊಟದ ಮೇಜಿನ ಮೇಲೆ ಬೆನ್ನು ತೋರಿಸಿಕೊಂಡು ನಿಂತಿತ್ತು, ಅವರು ಅದರ ಎದುರಿಗೇ ಕೂತು ಉಂಡರು. ಐದನೇ ದಿನ ಹೊಳಪು ಕೂರಿಸುವ ಕಾರ್ಯಾಗಾರಕ್ಕೆ ಕಳಿಸಲು ಕಟ್ಟಿದಾಗ ಅವರ ಮುಖ ಬಾಡಿತು. ವಾಪಸು ಬಂದ ಮೇಲೆ ಮತ್ತೆ ಅಂಟಿಸಬೇಕಲ್ಲ, ಅಕ್ಷರ ಮತ್ತೆ ಕತ್ತಲಿಗೆ ಹೋಗುತ್ತದಲ್ಲ.

“ಹಲಗೆಗೆ ಒಂದು ಕಿಟಕಿ ಕೊರೀರಿ ಮಾವ” ಎಂದೆ. “ಅಂಟು ಮೂರೇ ಕಡೆ ಇರೋದು. ನಡುವೆ ಕೊರೆದ್ರೆ ಹಿಂದಿನಿಂದ ಓದ್ಬಹುದು.”

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಉಪಕರಣಗಳ ಪೆಟ್ಟಿಗೆಯ ಬೀಗ ತೆಗೆದರು. ಅದಕ್ಕೆ ಮತ್ತೆ ಬೀಗ ಬಿದ್ದದ್ದನ್ನು ನಾನು ನೋಡಿಲ್ಲ.

ಈಗ ಶನಿವಾರದ ಸಂಜೆಗಳಲ್ಲಿ ತಾರಸಿಯ ಬಾಗಿಲು ತೆರೆದೇ ಇರುತ್ತದೆ. ಕಟ್ಟಡದವರು, ಎದುರಿನ ಬೀದಿಯವರು, ಒಮ್ಮೆ ಆ ಕ್ಯಾಮೆರಾ ಅಂಗಡಿಯವನೂ ಬಂದು ಸಾಲಿನಲ್ಲಿ ನಿಂತ. ನಮ್ಮ ಯಜಮಾನರು, “ನೋಡಿದೋರು ಮುಂದೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ” ಎಂದು ಹಳೆಯ ದನಿಯಲ್ಲಿ ಕೂಗುತ್ತಾರೆ. ಮಾವನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಮಂದಿ ಮೇಲೆ ಹೊರುತ್ತಾರೆ. ಕೊಳವೆಯ ಪಕ್ಕ ನಿಂತು ಬಂದವರಿಗೆಲ್ಲ ಬನ್ನಿ, ನೀವೂ ನೋಡಿ ಎನ್ನುವ ಕೆಲಸ ನನ್ನದು. ಒಂಬತ್ತನೇ ಮಹಡಿಯ ಆ ನರೆಗೂದಲಿನವರಿಗೆ ಹೇಳದೆ ಉಳಿದ ಥ್ಯಾಂಕ್ಸನ್ನು ಹೀಗೆ ಹೇಳಿಕೊಳ್ಳುತ್ತೇನೆ.

ಇನ್ನು ನನ್ನ ಟೆಲಿಸ್ಕೋಪು. ಯಾವುದನ್ನು ಕೊಳ್ಳಲಿ ಎಂದು ಮತ್ತೆ ಕೇಳಿದ್ದಕ್ಕೆ ಮಾವ, “ನಿನ್ನಂಥ ಕೈ ಇಟ್ಕೊಂಡು ಕೊಂಡ್ಕೋತಾರೇನೇ? ತಿಕ್ಕು” ಎಂದರು. ಎರಡು ಗಾಜಿನ ಬಿಲ್ಲೆ, ಪುಡಿ, ಒಂದು ಡ್ರಮ್ಮು ಬಂದವು. ಮಾವನ ವರಾಂಡದಲ್ಲಿ ಡ್ರಮ್ಮಿನ ಸುತ್ತ ನಡೆಯುತ್ತಾ ತಿಕ್ಕಿದೆ. ನಾನು ಮಾರುಕಟ್ಟೆಗೆ ಹೋದಾಗ ಯಜಮಾನರು ತಿಕ್ಕಿದರು, ಅವರು ತಿಕ್ಕಿದ್ದನ್ನು ನಾನು ಓರೆಯಾಗಿ ನಿಂತು ನೋಡಿ ಬೈದೆ. ಒಂಬತ್ತು ತಿಂಗಳಿಗೆ ತಗ್ಗು ಬಂತು. ಮಾವ ಪರೀಕ್ಷಿಸಿ, ಅವಳದ್ದಕ್ಕಿಂತ ಒಂದು ಕೂದಲೆಳೆ ಕಡಿಮೆ ಎಂದರು. ನನಗೆ ಅದಕ್ಕಿಂತ ದೊಡ್ಡ ಬಿರುದು ಬೇಡ.

ಹೊಳಪು ಕೂರಿಸಿಕೊಂಡು ಬಂದ ದಿನ ಅರಗು ಕಾಯಿಸುತ್ತಿದ್ದಾಗ ನಾನು ಪೆನ್ಸಿಲ್ ತೆಗೆದು ಗಾಜಿನ ಬೆನ್ನಿಗೆ ಎರಡು ಸಾಲು ಬರೆದೆ. ಮಾವ ಕುರ್ಚಿಯಿಂದ ಕತ್ತು ಚಾಚಿದರು, ಯಜಮಾನರು ಬಗ್ಗಿ ಇಣುಕಿದರು. ಇಬ್ಬರಿಗೂ ಕಾಣದ ಹಾಗೆ ಹಲಗೆಗೆ ಒತ್ತಿ ಅಂಟಿಸಿಬಿಟ್ಟೆ. ನನ್ನ ಹಲಗೆಗೆ ಕಿಟಕಿ ಕೊರೆಯಬೇಡಿ ಎಂದು ಮೊದಲೇ ಹೇಳಿದ್ದೆ.

“ಏನು ಬರೆದ್ಯಮ್ಮ?” ಎಂದರು ಮಾವ.

“ಈಗ ಹೇಳಲ್ಲ” ಎಂದೆ. “ಮುಂದೆ ಯಾವತ್ತಾದ್ರೂ ನನ್ನಂಥ ಒಬ್ಬ ದಡ್ಡಿ ಬಂದು ತಿಕ್ತಾಳೆ. ಆಗ ಗೊತ್ತಾಗತ್ತೆ.”